ಪೆಟ್ಟಿಗೆಯೊಳಗೊಂದು ಹೇಂಟೆ

ವೆಸ್ಟ್ ವರ್ಜೀನಿಯಾದ ಹಿಂಟನ್ನಿನಲ್ಲಿ
ನನ್ನ ಅಂಚೆಗಾಡಿ ತಿರುಗಿ ಬರುವ ಕೊನೆಯ ಮನೆ
ಡೆನ್ಜಿಲ್ ಮೆಡರನದು.
ಮಂಗಳವಾರ ಪೊಟ್ಟಣಗಳಿರುತ್ತವೆ,
ಕಂದು ಕಾಗದ, ಬಿಗಿದ ದಾರ, ಮೇಲೆ ದಪ್ಪಕ್ಷರದಲ್ಲಿ
ಅಲುಗಾಡಿಸಬೇಡಿ.
ಅಲುಗಿಸಿದರೆ ಒಳಗಿನದು ಕೂಗುತ್ತದೆ.

ಒಮ್ಮೆ ಕೂಗಿಯೂ ಬಿಟ್ಟಿತು, ರೈಲುಹಳಿ ದಾಟುವಾಗ.
ಬ್ರೇಕು ತುಳಿದು ಹಿಂದಿನ ಸೀಟು ನೋಡಿದೆ:
ಯಾವ ಕೋಳಿ ಹತ್ತಿತು, ಎಲ್ಲಿ ಹತ್ತಿತು?

ಶೆಡ್ಡಿನಲ್ಲಿ ಕೆಲಸಕ್ಕೆ ಕೂತರೆ ಅವನು ಮಾತು ಕಮ್ಮಿ.
ಗೇಣುದ್ದದ ಪೆಟ್ಟಿಗೆ. ಬದಿಗೆ ದೇವದಾರು,
ಎರಡು ನಾಣ್ಯ ಒತ್ತಿಟ್ಟಷ್ಟು ದಪ್ಪ.
ತಳಕ್ಕೆ, ಕುಸಿದ ಕೊಟ್ಟಿಗೆಯ ತೊಲೆಯಿಂದ ಸೀಳಿದ ಚೆಸ್ಟ್‌ನಟ್;
ಹುಳು ಕೊರೆದ ತೂತುಗಳನ್ನು ಮುಚ್ಚುವುದಿಲ್ಲ.
ಆ ಜಾತಿಯ ಮರಗಳೆಲ್ಲ ರೋಗ ಬಡಿದು
ಅವನು ಹುಟ್ಟುವ ಮೊದಲೇ ನಿಂತಲ್ಲೇ ಒಣಗಿದವಂತೆ.
"ಕಾಡಲ್ಲಿಲ್ಲದ ಮರ ಕಾಡಿನ ಹಕ್ಕೀನ ಕರೆಯುತ್ತೆ,
ನೋಡು ತಮಾಷೆ" ಅಂದ.
ನಗಲಿಲ್ಲ. ಕೀಸುಳಿ ಎಳೆದ.

ಮುಚ್ಚಳದ ಹೊಟ್ಟೆ ತುಸುವೇ ಉಬ್ಬಿರಬೇಕು.
ಹೆಚ್ಚಾದರೆ ಕಾಗೆ, ಚಪ್ಪಟೆಯಾದರೆ ಬಾಗಿಲ ಕೀಲು.
ಸೀಮೆಸುಣ್ಣ ಬಳಿದು ಅಂಚಿನ ಮೇಲೆ ಎಳೆದರೆ
ಮರಕ್ಕೆ ಮರ ತಾಗಿ
ಇಲ್ಲದ ಹೇಂಟೆಯೊಂದು ಬಾಯಿ ಬಿಡುತ್ತದೆ.

ಆಗ ಅವನು ಪೆಟ್ಟಿಗೆಯನ್ನು ದವಡೆಯ ಎಲುಬಿಗೆ ಒತ್ತಿಕೊಳ್ಳುತ್ತಾನೆ.
ಇಪ್ಪತ್ತೇಳು ವರ್ಷ ರೈಲುಚಕ್ರ ಬಡಿದ ಕಿವಿ.
ಹೇಂಟೆಯ ಕೂಗಿಗೆ ಎರಡು ಮೆಟ್ಟಿಲು;
ಮೇಲಿನದು ಅವನ ಪಾಲಿಗೆ ಕಿತ್ತುಹೋಗಿದೆ.
"ಇಳೀತಾ?" ನನ್ನ ಕೇಳುತ್ತಾನೆ.
"ಇನ್ನೂ ಇಲ್ಲ. ಮೇಲೇ ಚೀರ್ತಿದೆ."
ಮರಳುಕಾಗದ ಎರಡು ಸಲ. ಊದುತ್ತಾನೆ. ಎಳೆಯುತ್ತಾನೆ.
"ಈಗ?"
ಹೊರಗೆ ನನ್ನ ಗಾಡಿ ಗುರ್ ಅನ್ನುತ್ತಲೇ ಇದೆ,
ಸರ್ಕಾರದ ಪೆಟ್ರೋಲು.

ನಾನು ಬೇಟೆಯವಳಲ್ಲ.
ಅಪ್ಪನ ಕೋವಿ ಮಾರಿ ಹಲ್ಲು ಕಟ್ಟಿಸಿಕೊಂಡವಳು.
ಆದರೂ ಕಲಿತೆ:
ಕೊಂಬೆಯಿಂದಿಳಿಯುವ ಮುನ್ನಿನ ನಿದ್ದೆಗಣ್ಣಿನ ಗೊಣಗು,
ಮೇಯುವಾಗಿನ ಗುರುಗುರು,
ಜೊತೆ ತಪ್ಪಿದಾಗಿನ ಹುಡುಕುಕೂಗು,
ಮತ್ತೆ ಅದೊಂದು, ಕಡಿದು ಕಡಿದು ಬೈಯುವುದು.
ಸೌಟು ಹಿಡಿದು ನಾನೂ ಹಾಗೆ ಮಾತಾಡಿದ್ದುಂಟು.

ಏಪ್ರಿಲ್‌ನ ಒಂದು ರಜೆಯ ದಿನ, ಬೆಳಕು ಹರಿಯುವ ಮೊದಲು
ಗುಡ್ಡಕ್ಕೆ ಕರೆದೊಯ್ದ.
"ಕೋವಿ ನಂದು, ಕಿವಿ ನಿಂದು."
ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತೆವು,
ಇಬ್ಬನಿ ಪ್ಯಾಂಟಿನೊಳಗಿಳಿಯಿತು.
ಅವನು ಎಳೆದ, ಒಂದು, ಎರಡು, ಮೂರು.
ಕಣಿವೆಯಾಚೆ ಹುಂಜ ಉತ್ತರಿಸಿತು,
ಮೆಟ್ಟಿಲಿಂದ ಪಾತ್ರೆಗಳೆಲ್ಲ ಉರುಳಿದ ಹಾಗೆ.
ಅಷ್ಟು ಅವನಿಗೂ ಕೇಳಿತು. ಕೋವಿ ಮೇಲೆದ್ದಿತು.

ಆದರೆ ಎಡಗಡೆಯ ಜರೀಗಿಡಗಳ ಹಿಂದಿನಿಂದ
ಬೇರೊಬ್ಬಳು ಬಂದಳು. ನಿಜದವಳು.
ಕತ್ತು ಚಾಚಿ,
ಯಾರೇ ನೀನು, ನನ್ನ ಗುಡ್ಡದ ಮೇಲೆ,
ಎಲ್ಲಿಂದ ಬಂದೆ, ಮುಖ ತೋರಿಸು,
ನಮ್ಮ ಬೂಟಿನಿಂದ ಆರೇ ಹೆಜ್ಜೆ.
ಡೆನ್ಜಿಲ್‌ಗೆ ತೆರೆದು ಮುಚ್ಚುವ ಕೊಕ್ಕಷ್ಟೇ ಕಂಡಿತು.
ತುಟಿ ಅಲುಗಿಸದೆ ಕೇಳಿದ: "ಏನಂತೆ?"
"ಸುಳ್ಳಿ ಅಂತಿದಾಳೆ."
ಯಾರಿಗೆ ಅಂತ ಅವನು ಕೇಳಲಿಲ್ಲ.

ನಾಲ್ಕು ನಿಮಿಷವೋ, ಹತ್ತೋ. ಬೈದು ಮುಗಿಸಿ
ಅವಸರವಿಲ್ಲದೆ ಇಳಿಜಾರಿಗೆ ನಡೆದಳು.
ಹುಂಜದ ದನಿಯೂ ಅವಳತ್ತ ಇಳಿಯುತ್ತ ಇಳಿಯುತ್ತ
ನದಿಯ ಸದ್ದಿನೊಳಗೆ ಹೋಯಿತು.
ಫ್ಲಾಸ್ಕಿನ ಕಾಫಿ ಆರಿತ್ತು, ಕುಡಿದೆವು.

ಮರುವಾರ ಒಬ್ಬನೇ ಹೋಗಿ ಒಂದು ಹೊಡೆದ.
ನನಗೊಂದು ತೊಡೆ ಕೊಟ್ಟ. ನಾರುನಾರು. ತಿಂದೆ.

ಪೆಟ್ಟಿಗೆಯ ಒಳತಳದಲ್ಲಿ ಅವನು ಪೆನ್ಸಿಲ್ಲಿನಿಂದ ಬರೆಯುವುದು ಮೂರೇ ಮಾತು:
ಯಾವ ಮರ, ಯಾವ ತಿಂಗಳು, ಎಷ್ಟನೆಯದು.
ನಿನ್ನೆ ಕಟ್ಟುವ ಮೊದಲು ಇಣುಕಿದೆ, ಇನ್ನೊಂದು ಸಾಲಿತ್ತು.
ಕಿವಿ: ರೋವೀನಾ.
ಹೆಸರಲ್ಲಿ ಒಂದಕ್ಷರ ತಪ್ಪು.

ಅಂಚೆಚೀಟಿ ಹಚ್ಚಿ ಹಿಂದಿನ ಸೀಟಿಗಿಟ್ಟೆ.
ರೈಲುಹಳಿ ಬಂದಾಗ
ನಿಧಾನ ಮಾಡಲಿಲ್ಲ.