ಬಾಡಿಗೆ ಕುರ್ಚಿಗಳ ಲೆಕ್ಕ

ಕುರ್ಚಿ ಬಾಡಿಗೆಗೆ ಕೊಡುವುದು ನನ್ನ ಕಸುಬು, ಕಿಸುಮುವಿನಲ್ಲಿ.
ಮದುವೆಗೆ ಬಿಳಿ, ಸಾವಿಗೆ ನೀಲಿ,
ಚುನಾವಣೆಗೆ ಯಾವುದಾದರೂ ಸರಿ, ಹೇಗೂ ಮುರಿದೇ ಬರುತ್ತವೆ.
ಇಪ್ಪತ್ತೆರಡು ವರ್ಷದಲ್ಲಿ ಕಲಿತದ್ದು ಇಷ್ಟೇ:
ಜನ ಯಾಕೆ ಕೂರುತ್ತಾರೆ ಎಂಬುದು.
ಊಟವಿದ್ದರೆ ಕೂರುತ್ತಾರೆ, ಅಳುವಿದ್ದರೆ ಕೂರುತ್ತಾರೆ,
ಟೀ ಶರ್ಟು ಹಂಚುತ್ತಾರೆಂದರೆ
ಸುಡುಬಿಸಿಲಲ್ಲೂ ಕೂರುತ್ತಾರೆ.

ಹಾಗಾಗಿ ಆ ಹುಡುಗಿ, ಅಪೋಂಡಿ,
ಮೀನಿನ ಸಂಶೋಧನಾ ಕೇಂದ್ರದವಳು,
ನಲವತ್ತು ಕುರ್ಚಿ ಬೇಕು, ವಿಜ್ಞಾನ ಮಾತಾಡೋದಕ್ಕೆ, ಎಂದಾಗ
ಮುಂಗಡ ಪೂರ್ತಿ ಎಣಿಸಿ ಇಸಿದುಕೊಂಡೆ.

ಅಗೊಲಾಳ ಮೀನಂಗಡಿಯ ಹಿಂದಿನ ಅಂಗಳ.
ಮೈಕು, ಪರದೆ, ಹಗ್ಗಕ್ಕೆ ಕಟ್ಟಿದ ಬಟ್ಟೆಯ ಮೇಲೆ
'ಸಾರ್ವಜನಿಕರಿಗೆ ಆದರದ ಸ್ವಾಗತ.'
ಅವತ್ತು ಸಾರ್ವಜನಿಕರು ಮೂವರು:
ಅವಳ ಸೋದರತ್ತೆ, ದಾರಿ ತಪ್ಪಿ ಬಂದ ಒಬ್ಬ ಪಾದ್ರಿ,
ಮತ್ತು ಕುರ್ಚಿ ಕಾಯಲು ನಿಂತ ನಾನು.
ನನ್ನನ್ನೂ ಎಣಿಸಿಕೊಂಡಳು ಪಾಪ, ವರದಿಗೆ.

ಮುಂದಿನ ತಿಂಗಳು ಬಿಸ್ಕತ್ತು ಇಟ್ಟಳು.
ತಟ್ಟೆ ಖಾಲಿಯಾಯಿತು, ಕುರ್ಚಿಯೂ ಖಾಲಿಯೇ.
ಅದರ ಮುಂದಿನ ತಿಂಗಳು ಒಕುಂಬ
ಮೋಟಾರು ಬೈಕಿಗೆ ಧ್ವನಿವರ್ಧಕ ಕಟ್ಟಿ ಓಣಿ ಓಣಿ ಸಾರಿ ಬಂದ.
ಜನ ಬಾಗಿಲಿಗೆ ಬಂದು ಕೇಳಿದರು:
'ಯಾರು ತೀರಿಕೊಂಡದ್ದು?'

ನಾಲ್ಕನೆಯ ಸಂಜೆ ಕರೆಂಟು ಹೋಯಿತು.
ಪರದೆಯ ಮೇಲಿದ್ದ ಬಣ್ಣದ ನಕ್ಷೆ ಆರಿಹೋಯಿತು.
ಅಗೊಲಾ ಒಲೆಯ ಪಕ್ಕ ಲಾಟೀನು ಹಚ್ಚಿದ್ದೇ ತಡ
ಸರೋವರದ ಮೇಲಿಂದ ಹೊಗೆಯಂತೆ ಎದ್ದು ಬಂದವು ನೊಣ,
ಲಕ್ಷ, ಕೋಟಿ, ಯಾರು ಎಣಿಸುತ್ತಾರೆ,
ಗಾಜಿಗೆ ಬಡಿದು, ತಲೆಕೆಳಗಾಗಿ,
ಕಾದ ಎಣ್ಣೆಯಲ್ಲಿ ಚಿಟಿಚಿಟಿ.

ಸಟ್ಟುಗ ಹಿಡಿದೇ ಹೊರಗೆ ಬಂದಳು ಅಗೊಲಾ:
'ಇಷ್ಟೆಲ್ಲ ಓದಿದ್ದೀಯಲ್ಲ ತಾಯಿ, ಹೇಳು,
ಅಷ್ಟು ದೊಡ್ಡ ಕತ್ತಲೆ ಖಾಲಿ ಬಿದ್ದಿರುವಾಗ
ಈ ದರಿದ್ರದವು ನನ್ನ ದೀಪಕ್ಕೇ ಬಂದು ಯಾಕೆ ಸಾಯಬೇಕು?'

ಸತ್ತ ಮೈಕನ್ನು ಕೆಳಗಿಟ್ಟಳು ಅಪೋಂಡಿ.
'ಪೂರ್ತಿ ಗೊತ್ತಿಲ್ಲ ಅಕ್ಕಾ.
ಬೆಳಕು ಇರುವ ಕಡೆ ಮೇಲು ಎಂದು ನಂಬಿ
ಅದಕ್ಕೆ ಬೆನ್ನು ಕೊಟ್ಟು ಹಾರುತ್ತವೆ, ಅಂತ ಕೆಲವರು.
ದೀಪದ ಹತ್ತಿರ ಆ ಮೇಲು ಕೆಳಗು ಎಲ್ಲ ಕಲಸಿಹೋಗುತ್ತದೆ.
ಆದರೆ ನಮ್ಮ ಈ ನೊಣದ ಮೇಲೆ ನಾನು ನೋಡಿಲ್ಲ.'

'ಗೊತ್ತಿಲ್ಲವಾ? ಸಂಬಳ ತಗೊಂಡು?'
ಎಂದವಳೇ ಅಗೊಲಾ
ನೀಲಿ ಕುರ್ಚಿಯೊಂದನ್ನು ದರದರ ಎಳೆದು
ಕೂತಳು.

ಮೀನು ಕಾಯುತ್ತಿದ್ದ ಗಿರಾಕಿಗಳು ಇಣುಕಿದರು.
ಬಲೆ ಹೆಣೆಯುವ ಒಗ್ವೆನೋ ಮುದುಕ ಗಂಟಲು ಸರಿಮಾಡಿಕೊಂಡ:
'ಅಮಾವಾಸ್ಯೆಯ ಆಸುಪಾಸಿಗೇ ಏಳುವುದು ಇವು.
ನಮ್ಮಪ್ಪ ಇದನ್ನು ನೋಡಿ ದೋಣಿ ಬಿಡುತ್ತಿದ್ದ.'
'ಸುಳ್ಳು,' ಎಂದ ಇನ್ನೊಬ್ಬ, 'ಹೋದ ಹುಣ್ಣಿಮೆಗೆ ನನ್ನ ಬಾಯಿ ತುಂಬ ನೊಣ.'
'ನಿನ್ನ ಬಾಯಿ ಯಾವತ್ತು ಮುಚ್ಚಿತ್ತು?'
ಯಾರದೋ ಅಜ್ಜಿ ಅವನ್ನು ಬಾಚಿ, ತಟ್ಟಿ, ಸುಟ್ಟು
ರೊಟ್ಟಿ ಮಾಡುತ್ತಿದ್ದಳಂತೆ. ರುಚಿಯ ಮೇಲೂ ಜಗಳ.

ಅಪೋಂಡಿ ಮಾತು ನಿಲ್ಲಿಸಿ
ಚೀಲದಿಂದ ಪುಸ್ತಕ ತೆಗೆದು
ಮುದುಕ ಹೇಳಿದ್ದನ್ನು ಬರೆದುಕೊಂಡಳು.
ಅವನು ಅದನ್ನು ನೋಡಿದ.
ಎದ್ದು ಬಂದು, ಇನ್ನೂ ನಿಧಾನವಾಗಿ, ಮತ್ತೊಮ್ಮೆ ಹೇಳಿದ.

ಈಗ ಮೈಕಿಲ್ಲ, ಪರದೆಯಿಲ್ಲ, ಬಿಸ್ಕತ್ತಿಲ್ಲ.
ಆ ಸ್ವಾಗತದ ಬಟ್ಟೆಯಲ್ಲಿ ಅಗೊಲಾ ಮೇಜು ಒರೆಸುತ್ತಾಳೆ.
ಜನ ತುಂಬಿರುತ್ತಾರೆ. ನನಗೇನೂ ಲಾಭವಿಲ್ಲ:
ವಾದಕ್ಕೆ ಇಳಿದವರು ಕೂರುವುದೇ ಇಲ್ಲ,
ಎಲ್ಲ ನಿಂತೇ.
ಮೊನ್ನೆ ಒಕುಂಬ, ನೊಣ ಮಗುಚುವ ಬಗೆ ತೋರಿಸುತ್ತೇನೆಂದು
ಕುರ್ಚಿಯನ್ನು ತಲೆಕೆಳಗೆ ಬೀಸಿ ಒಂದು ಕಾಲು ಮುರಿದ.
ದುಡ್ಡು ಕೇಳಿದೆ. ಅರ್ಧ ಕೊಟ್ಟಳು.

ನಾನೂ ಒಂದನ್ನು ಇಟ್ಟುಕೊಂಡಿದ್ದೇನೆ, ಮುಂದಿನ ತಿಂಗಳಿಗೆ.
ಒಂದೇ ಕಾರ್ಖಾನೆ, ಒಂದೇ ದಿನ ಕೊಂಡದ್ದು,
ಆದರೂ ಬಿಳಿಗಿಂತ ನೀಲಿ ಕುರ್ಚಿ ಬೇಗ ಬಿರಿಯುತ್ತದೆ.
ಅಷ್ಟು ಜನರ ಅಳು ಹೊತ್ತು ಹೊತ್ತು, ಎನ್ನುತ್ತಾಳೆ ಹೆಂಡತಿ.
ನನಗೆ
ಬಿಸಿಲಿನ ಮೇಲೆ ಅನುಮಾನ.