ಅಳತೆ

ಪೀಣ್ಯ ಎರಡನೇ ಹಂತ, ಹನ್ನೊಂದನೇ ಕ್ರಾಸು,
ಶಟರಿನ ಮೇಲೆ ಕಂಪನಿಯ ಹೆಸರು ಅರ್ಧ ಅಳಿಸಿದೆ.
ಹದಿನೆಂಟು ವರ್ಷದಿಂದ ಒಂದೇ ಸ್ಟೂಲು,
ಬಲಗೈಲಿ ವರ್ನಿಯರ್,
ಎಡಗೈಲಿ ಹೆಬ್ಬೆರಳು ತೂರುವಷ್ಟು ಅಲ್ಯೂಮಿನಿಯಂ ಬಳೆ.
ಯಾವುದರ ಕುತ್ತಿಗೆಗೆ ಕೂರುತ್ತದೆಂದು
ಡ್ರಾಯಿಂಗಿನಲ್ಲಿ ಬರೆದಿರುವುದಿಲ್ಲ,
ಮೂಲೆಯಲ್ಲಿ ಒಂದು ನಂಬರು ಅಷ್ಟೆ.
ನಾನೂ ಕೇಳಿರಲಿಲ್ಲ.

"ಫಿಲೋಮಿನಕ್ಕನ ಕಣ್ಣು ತಪ್ಪಿಸಿ ನೊಣಾನೂ ಹೋಗಲ್ಲ"
ಎಂದು ಸಾಹುಕಾರ ಸಣ್ಣತಮ್ಮಯ್ಯ
ಬಂದವರಿಗೆಲ್ಲ ಹೇಳಿ ನಗುತ್ತಿದ್ದ.
ಕೂದಲೆಳೆಯಷ್ಟು ಗೀರಿದ್ದರೂ ಎತ್ತಿಟ್ಟವಳು ನಾನು.

ಸೋಮವಾರ ಊಟದ ಹೊತ್ತಿಗೆ ಟೀವಿಯಲ್ಲಿ ಬಂತು:
ಮಿತ್ರರಾಷ್ಟ್ರಕ್ಕೆ ಕೊಡುವ ನೆರವನ್ನು
ಸರ್ಕಾರ ಇನ್ನೊಮ್ಮೆ ಅಳೆದು ತೂಗಿ ನೋಡುತ್ತದಂತೆ.
ಹೇಳುವವನ ಬೆನ್ನ ಹಿಂದೆ ಒಂದು ಬೀದಿ.
ಬೀದಿಯಾಗಿತ್ತು ಎನ್ನಲು ಉಳಿದದ್ದು ಚರಂಡಿಯ ಮುಚ್ಚಳ,
ಅದರ ಮೇಲೆ ಕೂತು
ಚಪ್ಪಲಿಯ ಉಂಗುಷ್ಟ ಸರಿಮಾಡುತ್ತಿದ್ದ ಹುಡುಗಿ.
ಸಾರನ್ನ ಕಲಸಿದ ಕೈ ಹಾಗೇ ಒಣಗಿತು.

ಸಂಜೆಗೆ ಮೂವತ್ತಾರು ಪೆಟ್ಟಿಗೆಗೆ ಹಳದಿ ಚೀಟಿ: ತಡೆ.
ಓಟಿ ನಿಂತಿತು. ಲೇತಿನ ರುದ್ರಮುನಿ
ಮಗಳ ಫೀಸಿನ ಕಂತನ್ನು ಬೆರಳಲ್ಲೇ ಕೂಡಿ ಕಳೆದು
"ನಾವು ಮಾಡ್ದಿದ್ರೆ ಕೊಯಮತ್ತೂರಿನೋರು ಮಾಡ್ತಾರಕ್ಕ" ಅಂದ.
ಸುಳ್ಳಲ್ಲ.
ನನ್ನ ಹತ್ತಿರ ಇದ್ದದ್ದು ಉತ್ತರವಲ್ಲ, ವರ್ನಿಯರ್.
ಗೆಳೆಯನ ಕೈ ಹಿಡಿಯುವುದು ಎಷ್ಟು ಮಿಲಿಮೀಟರಿನವರೆಗೆ,
ಎಲ್ಲಿಂದಾಚೆ ಅದು ಅವನ ಕೈಗೆ ಕಲ್ಲು ಕೊಟ್ಟಂತೆ ಎಂದು
ಗೆರೆ ಕೊರೆದ ಗೇಜು ನಮ್ಮ ಕಪಾಟಿನಲ್ಲಿಲ್ಲ.
ದಿಲ್ಲಿಯ ಕಪಾಟಿನಲ್ಲಿರಬಹುದು,
ಬೀಗದಕೈ ಹುಡುಕುತ್ತಿರಬಹುದು.

ಅಳೆದರು. ಸುರಿದರು. ಮತ್ತೆ ಅಳೆದರು.
ಹತ್ತೊಂಬತ್ತು ದಿನ.
ಶುಕ್ರವಾರ ಲಾರಿ ಬಂತು.
ಚೀಟಿ ಕಿತ್ತ ಕಡೆಯೆಲ್ಲ ಅಂಟು ಉಳಿದು
ಆಗಲೇ ಧೂಳು ಹಿಡಿಯುತ್ತಿತ್ತು.

ಪಟ್ಟಿಯ ಕೊನೆಯಲ್ಲಿ 'ಪರೀಕ್ಷಿಸಿದವರು',
ಪಕ್ಕದಲ್ಲಿ ಹೆಬ್ಬೆರಳಗಲ ಜಾಗ.
ಖಾಲಿಯೇ ಬಿಟ್ಟು ಬ್ಯಾಗು ಎತ್ತಿಕೊಂಡೆ.
ಸಣ್ಣತಮ್ಮಯ್ಯ ಬೈಯಲಿಲ್ಲ, ಅದೇ ಕಷ್ಟವಾಯಿತು;
ಜೇಬಿನಿಂದ ಪೆನ್ನು ತೆಗೆದು ತಾನೇ ಗೀಚಿದ.

ಮೆಟ್ರೊ ಗೊರಗುಂಟೆಪಾಳ್ಯ ಬಿಡುವಾಗ
ಕೆಳಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿ
ಅದೇ ಲಾರಿ, ಅದೇ ತೇಪೆ ಹಾಕಿದ ಟಾರ್ಪಾಲು,
ನನಗಿಂತ ಹಿಂದೆ.

ಸಹಿ ನನ್ನದಲ್ಲ.
ಒಳಗಿನ ಒಂದೊಂದು ಅಳತೆಯೂ ನನ್ನದೇ,
ಕೂದಲೆಳೆಯಷ್ಟೂ ತಪ್ಪಿಲ್ಲ.