ಹೊಳೆದದ್ದು

ಅಲೆಕ್ಸಾಂಡ್ರಿಯಾ, ವರ್ಜೀನಿಯಾ. ಮೂವರು ನ್ಯಾಯಾಧೀಶರು.
ನನಗೆ ಇಪ್ಪತ್ತು ನಿಮಿಷ.

ಪರೀಕ್ಷಕ ಬರೆದಿದ್ದಾನೆ:
ಎಂಬತ್ತೆಂಟರ ಜಪಾನಿ ಪೇಟೆಂಟಿನ ಗಾಜು,
ಎರಡು ಸಾವಿರದ ಏಳರ ಕೊರಿಯಾದ ತಂತಿಜಾಲ,
ಕೂಡಿಸಿದರೆ ಆಯಿತು. ಕಸುಬು ಬಲ್ಲ ಯಾರಿಗಾದರೂ
ಹೊಳೆಯುವಂಥದ್ದು.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಸ್ವಾಮಿ, ಈ ಮೊಕದ್ದಮೆಯೇ ಕನ್ನಡಿಯದು.
ಹನ್ನೆರಡು ವರ್ಷ ಆ ಎರಡೂ ಕಾಗದ
ಒಂದೇ ಕಪಾಟಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ್ದವಲ್ಲ,
ಯಾರಿಗೆ ಹೊಳೆಯಿತು?
ಎಲ್ಲರ ಮೇಜಿನ ಮೇಲೂ ಪರದೆಯ ಎಡಮೂಲೆ
ಹೊಗೆ ಹಿಡಿದ ಲಾಂದ್ರದಂತೆ ಮಂಕಾಗಿಯೇ ಇತ್ತು.

ಹಿಂದಿನ ಸಾಲಿನಲ್ಲಿ ಲೊರೆಟ್ಟಾ ಪ್ರುಷಿನ್ಸ್ಕಿ,
ರಾಚೆಸ್ಟರ್‌ನಿಂದ ಏಳು ಗಂಟೆ ಕಾರು ಓಡಿಸಿ ಬಂದವಳು,
ಮಡಿಲಲ್ಲಿ ಟವೆಲು ಸುತ್ತಿದ ಗಾಜು,
ಇನ್ನೂರ ಹದಿನಾಲ್ಕನೆಯದು.
ಮಿಕ್ಕ ಇನ್ನೂರ ಹದಿಮೂರೂ ಬಿರುಕು ಬಿಟ್ಟವು.
ಅದನ್ನು ಹೇಳಿದೆ. ಬಿರುಕಿಗೂ ದಾಖಲೆ ಇದೆ,
ಪುಟ ನಲವತ್ತೊಂದು.

ಇನ್ನೂ ಮೂರು ನಿಮಿಷ ಉಳಿದಿತ್ತು. ಕೂತುಬಿಟ್ಟೆ.

ಹೇಳದೆ ಉಳಿಸಿಕೊಂಡದ್ದು ಒಂದೇ:
ಆ ಮೂಲೆ ಬೆಳಗಿದ ರಾತ್ರಿ, ಲ್ಯಾಬಿನಲ್ಲಿ ಒಬ್ಬಳೇ,
ಹಣೆ ಚಚ್ಚಿಕೊಂಡು ನಕ್ಕಳಂತೆ,
‘ಅಯ್ಯೋ, ಇಷ್ಟೇನಾ!’